ಹಗೇವಿನ ಗಾಳಿ, ಮೋಟಾರಿನ ಟಾಕಿ

ಛಪ್ಪರದ ತಟ್ಟಿ ಸರಿಸಿದ ಕೂಡಲೇ ಇದು ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ ಎಂದು ಗೊತ್ತಾಯಿತು. ಹೊಸ ಪೆಟ್ರೋಲು ಮೂಗಿಗೆ ಚುರುಕ್ಕೆನ್ನುತ್ತದೆ. ಹಳೆಯದು ವಾರ್ನಿಷ್ ಬಳಿದ ಬಾಗಿಲಿನ ಹಾಗೆ ನಾರಿ ಗಂಟಲಲ್ಲಿ ಕೂತುಬಿಡುತ್ತದೆ. ಬಗ್ಗಿ ನೋಡಿದೆ. ಕಾರಿನ ಹಿಂಭಾಗದ ಕೆಳಗೆ ನೆಲ ಕಪ್ಪಗಾಗಿತ್ತು. ಪೆಟ್ರೋಲ್ ಟಾಕಿಯ ತಳಕ್ಕೆ ಸೋರಬಾರದೆಂದು ಯಾರೋ ಅರಿವೆ ಒಗೆಯುವ ಸಾಬೂನು ಮೆತ್ತಿದ್ದರು. ಅದು ಒಣಗಿ, ಬಿರಿದು, ಅರ್ಧ ಉದುರಿಹೋಗಿತ್ತು.

ಸಾಬೂನು ಮೆತ್ತಿದ ಪುಣ್ಯಾತ್ಮ ಯಾರು ಎಂದು ಕೇಳಿದೆ. ನನ್ನನ್ನು ಕರೆತಂದಿದ್ದ ಡ್ರೈವರ್ ಕಾಕಾ ಮೀಸೆ ಸವರಿಕೊಳ್ಳುತ್ತ ಬೇರೆ ಕಡೆ ನೋಡಿದರು. ಅಲ್ಲಿಗೆ ಉತ್ತರ ಸಿಕ್ಕಂತಾಯಿತು.

ನಾನಾಗ ಅಣ್ಣಿಗೇರಿಯಲ್ಲಿ ಗದಗ ರಸ್ತೆಯ ಮೇಲೆ ಒಂದು ಸಣ್ಣ ಗ್ಯಾರೇಜು ಇಟ್ಟಿದ್ದೆ. ಲಾರಿ, ಟ್ರ್ಯಾಕ್ಟರು, ನೀರೆತ್ತುವ ಎಂಜಿನ್ನು, ಏನು ಬಂದರೂ ಕೈ ಹಾಕುತ್ತಿದ್ದೆ. ಈ ಕಾರು ಊರಿನ ವಕೀಲರದು. ಎರಡನೇ ಮಹಾಯುದ್ಧಕ್ಕಿಂತ ಮೊದಲು ವಕೀಲರ ತಂದೆ ಕೊಂಡದ್ದು, ಇಂಗ್ಲೆಂಡಿನಲ್ಲಿ ಮಾಡಿದ್ದು. ಅದಕ್ಕೊಂದು ಕಂಪನಿಯ ಹೆಸರೂ ಇತ್ತು. ಆದರೆ ಊರಲ್ಲಿ ಯಾರ ನಾಲಿಗೆಗೂ ಅದು ಹೊರಳುತ್ತಿರಲಿಲ್ಲ. ಹಸರ ಮೋಟಾರ ಎಂದರೆ ಸಾಕು, ನವಲಗುಂದದವರೆಗೂ ಗುರುತು ಹತ್ತುತ್ತಿತ್ತು. ವಕೀಲರು ಅದರಲ್ಲೇ ನವಲಗುಂದದ ಕೋರ್ಟಿಗೆ ಹೋಗಿ ಬರುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಪೆಟ್ರೋಲಿನ ದರ ಮುಗಿಲಿಗೆ ಏರಿದಾಗ ಅವರು ಬಸ್ಸು ಹಿಡಿದರು, ಕಾರು ಛಪ್ಪರ ಸೇರಿತು. ಅಲ್ಲೇ ಮಳೆಗಾಲಗಳು ಕಳೆದವು.

ಈಗ ಗದಗಿನ ಒಬ್ಬ ಎಂಜಿನ್ ವ್ಯಾಪಾರಿ ಬರುವ ಗುರುವಾರ ಲಾರಿ ತರುವವನಿದ್ದ. ಎಂಜಿನ್ನು ಬಿಚ್ಚಿ ಯಾವುದೋ ತೋಟಕ್ಕೆ ನೀರೆತ್ತಲು ಕೊಡುವುದು, ಉಳಿದ ಕಾರನ್ನು ಗುಜರಿಗೆ ಹಾಕುವುದು ಅವನ ಲೆಕ್ಕ. ವಕೀಲರು ಒಪ್ಪಿಯೂ ಆಗಿತ್ತು. ಡ್ರೈವರ್ ಕಾಕಾ ಹೋಗಿ ಗೋಗರೆದದ್ದಕ್ಕೆ ಒಂದೇ ಒಂದು ಎಳೆ ಬಿಟ್ಟಿದ್ದರು: ವ್ಯಾಪಾರಿ ಬರುವುದರೊಳಗೆ ಕಾರು ತಾನಾಗಿ ನಡೆದು ಅಂಗಳಕ್ಕೆ ಬಂದರೆ ಮಾರುವುದಿಲ್ಲ.

ಕಾಕಾಗೆ ಅರವತ್ತರ ಹತ್ತಿರ. ಹುಡುಗನಾಗಿದ್ದಾಗಿನಿಂದ ಆ ಕಾರಿನ ಹೊರತು ಬೇರೆ ಗಾಡಿ ಮುಟ್ಟಿದವರಲ್ಲ. ಮಗ ಹೊಲ ನೋಡಿಕೊಳ್ಳುತ್ತಿದ್ದ, ಮನೆಯಲ್ಲಿ ರೊಟ್ಟಿಗೆ ಕೊರತೆಯಿರಲಿಲ್ಲ. ಆದರೂ ಕಾರು ನಿಂತ ಮೇಲೂ ಅವರು ದಿನಾ ಮುಂಜಾನೆ ವಕೀಲರ ಮನೆಗೆ ಬಂದು, ಧೂಳು ಒರೆಸಿ, ಮುಂದೆ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ಹೋಗುತ್ತಿದ್ದರು. ಗ್ಯಾರೇಜಿಗೆ ನನ್ನನ್ನು ಕರೆಯಲು ಬಂದ ದಿನ ಅವರು ಹೇಳಿದ ಮಾತು ನನ್ನನ್ನು ಎಬ್ಬಿಸಿತು.

"ಮೋಟಾರ್ ಹೋದ್ರ ಮುಂಜಾನೆದ್ದು ನಾ ಎಲ್ಲಿಗೆ ಹೋಗ್ಲಿ ಹೇಳು ತಮ್ಮಾ. ಕಟ್ಟೀ ಮ್ಯಾಲ ಕುಂತು ಹೋಗೂ ಬರೂ ಬಸ್ ನೋಡ್ಲೇನು?"

ಮೊದಲು ಎಂಜಿನ್ನಿನ ನಾಡಿ ನೋಡಬೇಕಿತ್ತು. ಬಾಟಲಿಯಿಂದ ಹೊಸ ಪೆಟ್ರೋಲನ್ನು ನೇರ ಕಾರ್ಬೊರೇಟರಿಗೆ ಹನಿಸಿ, ನನ್ನ ಗ್ಯಾರೇಜಿನ ಬ್ಯಾಟರಿ ಜೋಡಿಸಿ, ಹ್ಯಾಂಡಲ್ ಹೊಡೆದೆ. ಸ್ವಲ್ಪ ಸತಾಯಿಸಿ ಹೊತ್ತಿಕೊಂಡಿತು. ಬಾಟಲಿಯ ಪೆಟ್ರೋಲು ಮುಗಿಯುವವರೆಗೆ ಓಡಿ ನಿಂತಿತು. ಕಾಕಾ ದಿನಾ ತಿರುಗಿಸಿದ್ದರಿಂದ ಅದು ತುಕ್ಕು ಹಿಡಿದು ಬಿಗಿದುಕೊಂಡಿರಲಿಲ್ಲ. ರೋಗವೆಲ್ಲ ಟಾಕಿಯದು. ಟಾಕಿ ಇಳಿಸಿ, ತೊಳೆದು, ತೂತು ಮುಚ್ಚಿ, ಮತ್ತೆ ಏರಿಸಿದರೆ ಕಾರು ಬದುಕುತ್ತದೆ. ಹೇಳುವಾಗ ಎಷ್ಟು ಸಲೀಸು ನೋಡಿ.

ಟಾಕಿ ಇದ್ದದ್ದು ಹಿಂದಿನ ಸೀಟಿನ ಕೆಳಗೆ, ಅಡ್ಡಲಾಗಿ. ಎರಡು ಕಬ್ಬಿಣದ ಪಟ್ಟಿಗಳು ಅದನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದವು. ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ ಬೇವಿನ ತೊಲೆಗಳ ಮೇಲೆ ಕೂರಿಸಿದೆ. ತಳದ ಬೋಲ್ಟು ತೆಗೆದು ಉಳಿದಿದ್ದ ಪೆಟ್ರೋಲನ್ನು ಡಬ್ಬಿಗೆ ಇಳಿಸಿದೆ. ಬಂದದ್ದು ಪೆಟ್ರೋಲಲ್ಲ, ಕಾಕಂಬಿ. ಪೆಟ್ರೋಲು ಹಾಕುವ ಬಾಯಿಯ ರಬ್ಬರು ಕೊಳವೆ ಕಟ್ಟಿಗೆಯಾಗಿತ್ತು, ಕೊಯ್ದು ತೆಗೆದೆ. ಎಂಜಿನ್ನಿಗೆ ಹೋಗುವ ತಾಮ್ರದ ನಳಿಗೆ ಬಿಚ್ಚಿದೆ. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ಪಟ್ಟಿಯ ನಟ್ಟುಗಳಿಗೆ ಬಂದಾಗ ಕಾರು ತನ್ನ ವಯಸ್ಸು ತೋರಿಸಿತು. ಚಿಮಣಿ ಎಣ್ಣೆ ಹಾಕಿ ಒಂದು ರಾತ್ರಿ ನೆನೆಯಲು ಬಿಟ್ಟರೂ ಒಂದು ನಟ್ಟು ಮಾತ್ರ ಮಾತು ಕೇಳಿತು. ಉಳಿದವು ಪಾನಾ ಹಾಕಿದಷ್ಟೂ ಮೂಲೆ ಸವೆದು ಗುಂಡಗಾದವು. ಬೇರೆ ಕಡೆಯಾಗಿದ್ದರೆ ಛೇಣಿಯಿಂದ ಹೊಡೆದು ಹಾರಿಸುತ್ತಿದ್ದೆ. ಇಲ್ಲಿ ಛೇಣಿ ಹೊಡೆದರೆ ಕಿಡಿ, ಕಿಡಿ ಹಾರಿದರೆ ನಾನೂ ಕಾರೂ ಒಟ್ಟಿಗೇ ಹಾರಬೇಕು. ಕಬ್ಬಿಣ ಕೊಯ್ಯುವ ಬ್ಲೇಡು ಹಿಡಿದು, ಅಂಗಾತ ಮಲಗಿ, ಒಂದೊಂದೇ ಬೋಲ್ಟು ಕೊಯ್ಯತೊಡಗಿದೆ. ಕಾಕಾ ಬಾಜೂಕ ಕುಕ್ಕರಗಾಲಲ್ಲಿ ಕೂತು ತಂಬಿಗೆಯಿಂದ ಬ್ಲೇಡಿನ ಮೇಲೆ ನೀರು ಹನಿಸುತ್ತಿದ್ದರು. ಅರ್ಧ ನೀರು ನನ್ನ ಕಿವಿಗೇ ಹೋಗುತ್ತಿತ್ತು. ನಾನು ಬೈದಾಗಲೆಲ್ಲ ಅವರು ಆಯ್ತು ಆಯ್ತು ಎನ್ನುತ್ತ ಇನ್ನಷ್ಟು ಹೊಯ್ಯುತ್ತಿದ್ದರು. ಕೈ ಬೊಬ್ಬೆಯೆದ್ದು, ಕಣ್ಣಲ್ಲಿ ತುಕ್ಕು ತುಂಬಿಕೊಂಡು, ಅಂತೂ ಆ ಟಾಕಿಯನ್ನು ನನ್ನ ಎದೆಯ ಮೇಲೆ ಇಳಿಸಿಕೊಂಡೆ.

ಅಂಗಳಕ್ಕೆ ತಂದು ನೋಡಿದರೆ ತಳದಲ್ಲಿ ಪಟ್ಟಿ ತಾಗುವ ಜಾಗದಲ್ಲಿ ಸಾಸಿವೆ ಗಾತ್ರದ ತೂತುಗಳು. ಪಟ್ಟಿಯ ಕೆಳಗೆ ಇಟ್ಟಿದ್ದ ದಪ್ಪ ಬನಾತು ಬಟ್ಟೆ ನೀರು ಹಿಡಿದಿಟ್ಟುಕೊಂಡು ತಗಡನ್ನು ತಿಂದಿತ್ತು. ಎರಡೂ ತುದಿಯ ಮುಚ್ಚಳ ತಗಡುಗಳ ಹೊಲಿಗೆ, ಅಂದರೆ ಅಂಚು ಮಡಿಸಿ ಬೆಸೆದ ಜಾಗ ಮಾತ್ರ ಗಟ್ಟಿಯಾಗಿತ್ತು. ಒಳಗೆ ಹಿಡಿ ಗರಸುಕಲ್ಲು ಮತ್ತು ಒಂದು ತುಂಡು ಸರಪಳಿ ಹಾಕಿ ಇಬ್ಬರೂ ಸೇರಿ ಗಡಗಡ ಉರುಳಿಸಿದೆವು. ಸೋಡಾ ಹಾಕಿ ಕುದಿಸಿದ ನೀರಿನಿಂದ ಮತ್ತೆ ಮತ್ತೆ ತೊಳೆದೆವು. ಕೊನೆಗೆ ನೀರು ತಿಳಿಯಾಗಿ ಬಂತು, ವಾಸನೆಯೂ ಹೋದಂತಿತ್ತು. ಟಾಕಿಯನ್ನು ಬಿಸಿಲಿಗೆ ಒಣಗಲು ಇಟ್ಟು, ಬೀಡಿ ಸಹಿತ ಯಾವ ಬೆಂಕಿಯೂ ಹತ್ತಿರ ಬರಕೂಡದು ಎಂದು ಕಾಕಾಗೆ ತಾಕೀತು ಮಾಡಿ, ಮರುದಿನ ಮುಂಜಾನೆಯ ರೈಲಿಗೆ ಹುಬ್ಬಳ್ಳಿಗೆ ಹೋದೆ. ಬೆಸುಗೆಯ ಸೀಸ, ಅದು ತಗಡಿಗೆ ಹಿಡಿಯಲು ನವಸಾಗರ, ಹೊಸ ರಬ್ಬರು ಕೊಳವೆ ತರಬೇಕಿತ್ತು.

ಮಧ್ಯಾಹ್ನ ತಿರುಗಿ ಬಂದು ವಕೀಲರ ಓಣಿಗೆ ಕಾಲಿಟ್ಟಿದ್ದೆ. ಧಡ್ ಎಂದು ಸದ್ದಾಯಿತು. ಕಾಲ ಕೆಳಗಿನ ನೆಲ ಅದುರಿದಂತೆ, ಒಂದೇ ಸದ್ದು. ಕೈಚೀಲ ಅಲ್ಲೇ ಬಿಟ್ಟು ಓಡಿದೆ.

ಟಾಕಿ ಇಟ್ಟ ಜಾಗದಿಂದ ದೂರ ಸಿಡಿದು ಗೋಡೆಗೆ ಬಡಿದುಕೊಂಡಿತ್ತು. ಕಾಕಾ ನೆಲದ ಮೇಲೆ ಕೂತಿದ್ದರು. ಬಲ ಮುಂಗೈಯ ಚರ್ಮ ಕೆಂಪಗೆ ಸುಲಿದಿತ್ತು, ಒಂದು ಬದಿಯ ಹುಬ್ಬು ಮತ್ತು ಮೀಸೆ ಸುಟ್ಟಿದ್ದವು. ಕಣ್ಣು ತೆರೆದು ನನ್ನನ್ನು ನೋಡಿದರು.  ಕಣ್ಣು ಸರಿಯಾಗಿವೆ ಎಂದು ಗೊತ್ತಾದ ಮೇಲೆ ಸಿಟ್ಟು ಬಂತು. ವಯಸ್ಸು ಮರೆತು ಬಾಯಿಗೆ ಬಂದಂತೆ ಬೈದೆ. ಬೀಡಿ ಸೇದಿದಿರಾ ಎಂದು ಕಿರುಚಿದೆ.

"ಬೀಡಿ ಬಾಗಿಲದಾಗ ಇಟ್ಟೇನಪಾ," ಎಂದರು ಕಾಕಾ. "ದೀಪಾ ಬಿಟ್ಟು ನೋಡಿದೆ, ಅಷ್ಟ. ನೀ ಬಂದು ಕಾಸಿದ ಕಬ್ಬಿಣಾ ಹಚ್ಚಾಂವ. ಒಳಗ ಕೆಟ್ಟ ಗಾಳಿ ಉಳದಿದ್ರ ನಿನಗ ಏನರ ಆದೀತಂತ."

ನಮ್ಮ ಕಡೆಯ ಹಗೇವು ನೋಡದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿನೊಳಗೆ ಗಾಳಿ ಕೆಡುತ್ತದೆ; ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಇಳಿಯಬಾರದು, ಉರಿಯುತ್ತಿದ್ದರೆ ಇಳಿಯಬಹುದು. ಕಾಕಾರ ಮನೆತನದವರು ಊರವರ ಹಗೇವು ತೆಗೆದುಕೊಡುವುದರಲ್ಲಿ ಹೆಸರಾದವರು. ಅವರ ಮನಸ್ಸಿನಲ್ಲಿ ಬೀಡಿಯೆಂದರೆ ಬೆಂಕಿ, ದೀಪವೆಂದರೆ ಪರೀಕ್ಷೆ. ಎರಡೂ ಒಂದೇ ಎಂದು ಅವರಿಗೆ ಹೊಳೆಯುವುದೇ ಸಾಧ್ಯವಿರಲಿಲ್ಲ. ತೊಳೆದ ಟಾಕಿಯ ಹೊಲಿಗೆಯ ಮಡಿಕೆಗಳಲ್ಲಿ ಉಳಿದ ಪೆಟ್ರೋಲಿನ ಅಂಟು ಬಿಸಿಲಿಗೆ ಮತ್ತೆ ಆವಿಯಾಗಿತ್ತು. ಕಾಕಾ ತಂತಿಯ ತುದಿಗೆ ಎಣ್ಣೆಬತ್ತಿ ಸುತ್ತಿ, ಹೊತ್ತಿಸಿ, ಟಾಕಿಯ ಬಾಯಿಗೆ ಇಳಿಸಿದ್ದರು. ಹಗೇವಿನ ಬಾಯಿಯ ಮೇಲೆ ಬಗ್ಗದೆ ಬದಿಗೆ ನಿಂತು, ಮುಖ ತಿರುಗಿಸಿ, ಕೈ ಮಾತ್ರ ಚಾಚುವುದು ಆ ಮನೆತನದ ರೂಢಿ. ಕಣ್ಣು ಉಳಿದದ್ದು ಅದರಿಂದಲೇ.

ಉಳಿದ ಬೈಗುಳವನ್ನು ನುಂಗಿಕೊಂಡೆ. ನನ್ನ ಕೈ ಸುಡಬಾರದೆಂದು ತಮ್ಮ ಕೈ ಸುಟ್ಟುಕೊಂಡವರಿಗೆ ಇನ್ನೇನು ಹೇಳುವುದು.

ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ವಕೀಲರು ನವಲಗುಂದದಿಂದ ಬಂದಿದ್ದರು. ಅವರು ಕೂಗಾಡುವವರಲ್ಲ. ಟಾಕಿಯನ್ನು ನೋಡಿದರು, ಕಾಕಾರ ಮುಖ ನೋಡಿದರು, ಗೋಡೆಗೆ ಬಿದ್ದ ಪೆಟ್ಟು ನೋಡಿದರು.

"ಸಾಕ್ರಿ ಮಿಸ್ತ್ರಿ. ಇಂವಾ ಸತ್ತಿದ್ರ ನಾ ಏನ್ ಮಾಡ್ತಿದ್ದೆ? ಗುರುವಾರದ ತನಕಾ ಕಾಯೂದು ಬ್ಯಾಡ, ನಾಳೆನ ಗದಗಿಗೆ ಹೇಳಿ ಕಳಸ್ತೇನಿ."

ಕಾಕಾ ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಅವರು ವಾದ ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ಸುಮ್ಮನೆ ಕೂತದ್ದನ್ನು ನೋಡಲಾಗದೆ ನನಗೆ ಹಟ ಹತ್ತಿತು. ಗುರುವಾರದ ಮಾತು ಕೊಟ್ಟಿದ್ದೀರಿ, ಗುರುವಾರದವರೆಗೆ ಇರಲಿ ಎಂದು ವಕೀಲರಿಗೆ ಅವರದೇ ಕಾನೂನು ಹೇಳಿದೆ. ಅವರು ಒಪ್ಪಿ ಒಂದು ಷರತ್ತು ಹಾಕಿದರು: ತಮ್ಮ ಅಂಗಳದಲ್ಲಿ ಇನ್ನು ಬೆಂಕಿಯ ಕೆಲಸ ನಡೆಯಕೂಡದು. ಟಾಕಿಯನ್ನು ಎಲ್ಲಿಗಾದರೂ ಒಯ್ಯಿರಿ ಎಂದರು. ನನ್ನ ಗ್ಯಾರೇಜಿನ ಬಾಜೂಕ ಹತ್ತಿಯ ವಖಾರಿಯಿತ್ತು, ಅಲ್ಲಿ ಸಾಧ್ಯವಿರಲಿಲ್ಲ. ಕೊನೆಗೆ ಊರ ಹೊರಗಿದ್ದ ಕಾಕಾರ ಮನೆಯ ಹಿತ್ತಿಲಿಗೆ ಟಾಕಿಯನ್ನು ಬಂಡಿಯಲ್ಲಿ ಹಾಕಿಕೊಂಡು ಹೋದೆವು.

ಈಗ ಕೆಲಸ ಇಮ್ಮಡಿಯಾಗಿತ್ತು. ತಳದ ತೂತುಗಳ ಜೊತೆಗೆ, ಎಡತುದಿಯ ಮುಚ್ಚಳ ತಗಡು ಉಬ್ಬಿ, ಅದರ ಹೊಲಿಗೆ ಎರಡು ಗೇಣು ಬಿಟ್ಟುಕೊಂಡಿತ್ತು. ತಗಡನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಸಮ ಮಾಡಿ, ಅಂಚನ್ನು ಮಡಿಸಿ ಕೂರಿಸುವುದರಲ್ಲೇ ಒಂದು ದಿನ ಹೋಯಿತು. ಮಡಿಕೆಯ ತುಸು ಜಾಗ ಕೈಬೆರಳು ಹೋಗುವಷ್ಟು ತೆರೆದೇ ಉಳಿಯಿತು. ಅದಕ್ಕೆ ಮೇಲಿಂದ ತಗಡಿನ ತೇಪೆಯೇ ಗತಿ. ಆಮೇಲೆ ಬೆಸುಗೆ. ಒಮ್ಮೆ ಸಿಡಿದ ಟಾಕಿಗೆ ಬರಿದೇ ಬಿಸಿ ಕಬ್ಬಿಣ ಹಚ್ಚುವಷ್ಟು ಧೈರ್ಯ ನನಗಿರಲಿಲ್ಲ. ಇಂಥಲ್ಲಿ ನಾವು ಮಾಡುವ ಉಪಾಯ ನೀರು. ತಳದ ತೂತುಗಳಿಗೆ ಮೇಣ ಒತ್ತಿ, ಟಾಕಿಯನ್ನು ಎಡತುದಿ ಮೇಲೆ ಬರುವಂತೆ ನೆಟ್ಟಗೆ ನಿಲ್ಲಿಸಿ, ಹೊಲಿಗೆಯ ಹತ್ತಿರದವರೆಗೂ ನೀರು ತುಂಬಿದೆ. ನೀರಿರುವಲ್ಲಿ ಆವಿಗೆ ಜಾಗವಿಲ್ಲ.

ಜಾಗವಿಲ್ಲದ್ದು ಕಾವಿಗೂ. ಅಲ್ಲೇ ಹೂಡಿದ್ದ ಸಣ್ಣ ಕುಲುಮೆಯಲ್ಲಿ ಕಾಸಿದ ಬೆಸುಗೆ ಕಬ್ಬಿಣದ ತಾಮ್ರದ ತುದಿಯನ್ನು ಹೊಲಿಗೆಗೆ ಇಟ್ಟ ಕೂಡಲೇ ಒಳಗಿನ ನೀರು ಬಿಸಿಯನ್ನೆಲ್ಲ ಹೀರಿಕೊಳ್ಳುತ್ತಿತ್ತು. ಸೀಸ ಹರಿಯದೆ ಅವಲಕ್ಕಿಯಂತೆ ಉದುರುದುರಾಗಿ ಕೂರುತ್ತಿತ್ತು. ಹೆಬ್ಬೆರಳಿಂದ ಒತ್ತಿದರೆ ಎದ್ದು ಬರುತ್ತಿತ್ತು. ದೊಡ್ಡ ತಾಮ್ರ ತಂದು ನೋಡಿದೆ, ಎರಡು ಕಡೆಯಿಂದ ಕಾಸಿ ನೋಡಿದೆ, ಇದ್ದ ಸೀಸದಲ್ಲಿ ಬಹಳಷ್ಟು ಹಾಳಾಯಿತು. ನೀರನ್ನು ಒಂದು ಗೇಣು ಇಳಿಸಿದರೆ ಬೆಸುಗೆ ಹಿಡಿಯುತ್ತದೆ. ಆದರೆ ಆ ಒಂದು ಗೇಣು ಖಾಲಿಯಲ್ಲಿ ಎಷ್ಟು ಆವಿ ತುಂಬುತ್ತದೆಂದು ಯಾರು ಹೇಳಬೇಕು? ಮತ್ತೆ ಕುದಿಸಿ ತೊಳೆದಿದ್ದೆ. ಮೊದಲ ಸಲವೂ ತೊಳೆದೇ ಇದ್ದೆ. ಕಬ್ಬಿಣ ಕೈಯಲ್ಲಿ ಹಿಡಿದು ಟಾಕಿಯ ಮುಂದೆ ನಿಲ್ಲುವುದು, ಮತ್ತೆ ಕುಲುಮೆಗೆ ತಿರುಗುವುದು, ಹೀಗೇ ನಡೆಯಿತು. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಬುಧವಾರದ ಬಿಸಿಲು ಏರುತ್ತಿತ್ತು.

ಕಾಕಾ ಆವರೆಗೆ ಎಲ್ಲವನ್ನೂ ದೂರದಿಂದ ನೋಡುತ್ತಿದ್ದರು. ನಾನು ಕಬ್ಬಿಣ ಕೆಳಗಿಟ್ಟು ನೀರು ಕುಡಿಯಲು ಕೂತಾಗ ಹತ್ತಿರ ಬಂದರು. ಬಹಳ ಹೊತ್ತಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯೆಂದು ಕೇಳುವ ರೀತಿಯಲ್ಲೇ ತಿಳಿಯುತ್ತಿತ್ತು. ಕೆಟ್ಟ ಗಾಳಿಯೊಳಗೆ ದೀಪ ಆರಬೇಕಲ್ಲ, ಅವತ್ತು ಹೊತ್ತಿದ್ದು ಯಾಕೆ ಎಂದರು.

ಹಗೇವಿನ ಗಾಳಿ ಬೇರೆ, ಪೆಟ್ರೋಲಿನ ಆವಿ ಬೇರೆ ಎಂದು ವಿವರಿಸಿದೆ. ಪೆಟ್ರೋಲಿನದು ಬೆಂಕಿಗೆ ಉಣಿಸುವ ಗಾಳಿ, ಹಗೇವಿನದು ಬೆಂಕಿಯನ್ನು ಸಾಯಿಸುವ ಗಾಳಿ. ಅದು ಮಾಮೂಲು ಗಾಳಿಗಿಂತ ಭಾರ, ಅದಕ್ಕೇ ಬಾಯಿ ತೆಗೆದರೂ ನೀರಿನ ಹಾಗೆ ತಳದಲ್ಲೇ ನಿಂತಿರುತ್ತದೆ ಎಂದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸಿತು. ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟೆ.

"ಕಾಕಾ, ನಿಮ್ಮ ಹಿತ್ತಲದಾಗ ಹಗೇವು ಐತೇನ್ರಿ?"

ಇತ್ತು. ಹಿಂದಿನ ಮಳೆಗಾಲದಲ್ಲಿ ಅದಕ್ಕೆ ನೀರು ಜಿನುಗಿ ತಳದ ಜೋಳ ಕೆಟ್ಟಿತ್ತು. ಮೇಲಿನ ಒಳ್ಳೆಯ ಜೋಳ ತೆಗೆದುಕೊಂಡು, ಕೊಳೆತದ್ದನ್ನು ಅಲ್ಲೇ ಬಿಟ್ಟು, ದನ ಬೀಳಬಾರದೆಂದು ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದ್ದರು. ಕೊಳೆತ ಜೋಳದ ಹಗೇವಿನಷ್ಟು ಕೆಟ್ಟ ಗಾಳಿ ಬೇರೆಲ್ಲೂ ಸಿಗುವುದಿಲ್ಲ. ನನಗೆ ಬೇಕಾದದ್ದು ಅದೇ. ಪುಸ್ತಕದಲ್ಲಿ ಹೀಗೆ ಮಾಡು ಎಂದು ಬರೆದದ್ದನ್ನು ನಾನು ಓದಿರಲಿಲ್ಲ, ಯಾವ ಉಸ್ತಾದನೂ ಹೇಳಿಕೊಟ್ಟಿರಲಿಲ್ಲ. ಆದರೂ ಮಾಡುವುದೆಂದು ನಿಶ್ಚಯಿಸಿದೆ.

ಉಪಾಯವನ್ನು ಹೇಳಿದಾಗ ಕಾಕಾ ಮೊದಲ ಸಲ ನಕ್ಕರು. ಅರ್ಧ ಮೀಸೆಯ ನಗು.

"ಬಾವ್ಯಾಗಿಂದ ನೀರು ಸೇದತಾರ. ನಾವು ಗಾಳಿ ಸೇದೂದಾತು."

ಅಷ್ಟೇ ವಿಷಯ. ಟಾಕಿಯ ಬೇರೆ ತೂತುಗಳಿಗೆಲ್ಲ ಬೂಚು ಹಾಕಿ, ತಳದ ಸಣ್ಣ ತೂತುಗಳಿಗೆ ಮತ್ತೆ ಮೇಣ ಒತ್ತಿ, ಎಡತುದಿಯ ಹೊಲಿಗೆ ಮತ್ತು ಅದರ ಬದಿಗೇ ಇದ್ದ ಪೆಟ್ರೋಲು ಹಾಕುವ ಬಾಯಿ, ಇವೆರಡನ್ನೇ ತೆರೆದಿಟ್ಟೆ. ಹಗ್ಗ ಎರಡು: ಒಂದು ಎಡತುದಿಗೆ, ಒಂದು ಬಲತುದಿಗೆ. ಟಾಕಿಯ ತುಂಬ ನೀರು ತುಂಬಿ, ಎಡತುದಿ ಮೇಲಿರುವಂತೆ ಹಗೇವಿಗೆ ಇಳಿಸುವುದು. ಒಳಗೆ ಮುಳುಗಿದ ಮೇಲೆ ಕೆಳಗಿರುವ ಬಲತುದಿಯ ಹಗ್ಗ ಎಳೆದು ಬೋರಲು ಮಾಡುವುದು. ನೀರು ಹೊರಗೆ ಸುರಿದಷ್ಟೂ ಅದರ ಜಾಗಕ್ಕೆ ಹಗೇವಿನ ಗಾಳಿ ಬರಲೇಬೇಕು. ಮತ್ತೆ ನೆಟ್ಟಗೆ ಮಾಡಿ ಮೇಲಕ್ಕೆ ಎಳೆದರೆ ಆ ಭಾರದ ಗಾಳಿ ಟಾಕಿಯೊಳಗೇ ಕೂತಿರುತ್ತದೆ.

ಕಲ್ಲು ಸರಿಸಿದ್ದು ಕಾಕಾರ ಮಗ ಮತ್ತು ನಾನು. ಕೊಳೆತ ಜೋಳದ ಹುಳಿ ವಾಸನೆ ಗಪ್ಪೆಂದು ಬಂತು. ಇಬ್ಬರನ್ನೂ ಕಾಕಾ ಗದರಿಸಿ ಹಿಂದೆ ಸರಿಸಿದರು. ಬಾಯಿಯ ಮೇಲೆ ಬಗ್ಗಬೇಡಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು ನಿಲ್ಲಿ, ಹಗ್ಗ ಜಾರಿದರೆ ಜಾರಲಿ, ಟಾಕಿ ಬಿದ್ದರೆ ಬೀಳಲಿ, ಯಾರೂ ಕೈ ಚಾಚಿ ಹಿಡಿಯಲು ಹೋಗಬಾರದು. ಅಲ್ಲಿಯವರೆಗೆ ನಾನು ಹೇಳಿದ್ದನ್ನು ಕೇಳುತ್ತಿದ್ದ ಮನುಷ್ಯ ಹಗೇವಿನ ಬಾಯಿಗೆ ಬಂದ ಕೂಡಲೇ ಯಜಮಾನರಾದರು. ನಾನು ತೆಪ್ಪಗೆ ಹೇಳಿದಂತೆ ಕೇಳಿದೆ.

ಟಾಕಿ ಇಳಿಯಿತು. ಬಲತುದಿಯ ಹಗ್ಗ ಎಳೆದಾಗ ಒಳಗೆ ಗುಳುಗುಳು ಸದ್ದು ಬಹಳ ಹೊತ್ತು ಕೇಳಿತು. ಸದ್ದು ನಿಂತ ಮೇಲೂ ಕಾಕಾ ತಡಿ ಎಂದು ಕೈ ಮಾಡಿ, ಮತ್ತಷ್ಟು ಹೊತ್ತು ಬಿಟ್ಟು, ಆಮೇಲೆ ಎಳೆಯಲು ಹೇಳಿದರು. ಮೇಲೆ ಬಂದ ಟಾಕಿಯ ಎಡತುದಿಗೆ ಒದ್ದೆ ಗೋಣಿ ಹೊದಿಸಿ, ತುಂಬಿದ ಕೊಡ ಹೊರುವವರಂತೆ ತುಳುಕಿಸದೆ ಹಿತ್ತಿಲಿನ ಬದಿಗಿದ್ದ ಕಣದ ನಡುವೆ ಒಯ್ದು ಇಟ್ಟೆವು.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಒಳಗಿರುವುದು ಯಾವ ಗಾಳಿ? ತಿಳಿಯಲು ದಾರಿಯೂ ಒಂದೇ.  ಕಾಕಾರ ಕೈಯ ಪಟ್ಟಿ ಕಣ್ಣೆದುರಿಗೇ ಇತ್ತು. ಅವರೇ ಹೇಳಿದರು, ದೀಪ ಬಿಡಬೇಕು ಎಂದು. ಕಣದ ಅಂಚಿಗೆ ಎದೆಮಟ್ಟದ ಮಣ್ಣಿನ ಗೋಡೆಯಿತ್ತು. ಅದರ ಹಿಂದೆ ನಿಂತು ಉದ್ದನೆ ಬಿದಿರಿನ ಗಳುವಿನ ತುದಿಗೆ ತಂತಿ ಕಟ್ಟಿ, ತಂತಿಗೆ ಎಣ್ಣೆಬತ್ತಿ ಸುತ್ತಿ, ದೂರದಿಂದ ಟಾಕಿಯ ಬಾಯಿಗೆ ಇಳಿಸುವುದು. ಸಿಡಿದರೆ ಟಾಕಿ ಹೋಗುತ್ತದೆ, ಕಾರೂ ಹೋಗುತ್ತದೆ, ಮನುಷ್ಯರು ಉಳಿಯುತ್ತಾರೆ. ಗಳು ನಾನು ಹಿಡಿಯುತ್ತೇನೆ ಎಂದೆ.

"ಬ್ಯಾಡ. ಅವತ್ತ ಬಿಟ್ಟಾಂವ ನಾನು, ಇವತ್ತೂ ನಾನ ಬಿಡ್ತೇನಿ. ನಿನಗ ದೀಪಾ ಓದಾಕ ಬರೂದಿಲ್ಲ."

ಮಗ ತಡೆಯಲು ಹೋದ, ನಾನು ತಡೆಯಲಿಲ್ಲ. ಗೋಣಿ ಸರಿಸಿ ಓಡಿ ಬಂದು ಗೋಡೆಯ ಹಿಂದೆ ಕೂತೆ. ಕಾಕಾ ಎಡಗೈಯಿಂದ ಗಳು ಹಿಡಿದು, ಸುಟ್ಟ ಬಲಗೈಯನ್ನು ಅದರ ಕೆಳಗೆ ಆಸರೆಯಾಗಿ ಕೊಟ್ಟು, ಮೆಲ್ಲಗೆ ಚಾಚಿದರು.  ಗಳುವಿನ ತುದಿ ಟಾಕಿಯ ಬಾಯಿಯ ಮೇಲೆ ಬಂತು. ಬತ್ತಿ ಒಳಗೆ ಇಳಿಯಿತು. ನಾನು ಹಲ್ಲು ಕಚ್ಚಿ ಕಿವಿ ಮುಚ್ಚಿಕೊಂಡೆ.

ಏನೂ ಆಗಲಿಲ್ಲ. ಬತ್ತಿ ಹೊರಗೆ ಬಂದಾಗ ಅದರ ತುದಿಯಲ್ಲಿ ಹೊಗೆ ಮಾತ್ರ ಇತ್ತು. ಹೊರಗಿನ ಗಾಳಿಗೆ ಆರಿರಬಹುದು ಎಂದು ಕಾಕಾಗೇ ನಂಬಿಕೆ ಬರಲಿಲ್ಲ. ಮತ್ತೆ ಹೊತ್ತಿಸಿ ಬಿಟ್ಟರು, ಮತ್ತೆ ಆರಿತು. ಮೂರನೆಯ ಸಲವೂ ಹಾಗೇ ಆದಾಗ ಗಳುವನ್ನು ನೆಲಕ್ಕಿಟ್ಟು, ಇನ್ನು ಹೋಗಿ ಕೆಲಸ ಮಾಡು ಎಂದರು.

ಆ ಮಧ್ಯಾಹ್ನ ನಾನು ಬೆಸೆದಷ್ಟು ಚೆನ್ನಾಗಿ ಮತ್ತೆಂದೂ ಬೆಸೆದಿಲ್ಲ. ಕುಲುಮೆಯನ್ನು ದೂರವಿಟ್ಟು, ಕಾದ ತಾಮ್ರವನ್ನು ಕೈಯಲ್ಲಿ ಹಿಡಿದು ಓಡಿ ಬರುವುದು, ಬೆರಳಗಲ ಹೊಲಿಗೆ ತುಂಬುವುದು, ಮತ್ತೆ ಓಡುವುದು. ಒಳಗೆ ನೀರಿಲ್ಲದ್ದರಿಂದ ಸೀಸ ಬೆಳ್ಳಗೆ ಹೊಳೆದು ಮಡಿಕೆಯೊಳಗೆ ತಾನಾಗಿ ಇಳಿಯುತ್ತಿತ್ತು. ತೆರೆದುಳಿದ ಜಾಗಕ್ಕೆ ತೇಪೆ ಕೂರಿಸಿದೆ. ತಳದ ತೂತುಗಳಿಗೆ ಮತ್ತೊಮ್ಮೆ ಗಾಳಿ ಸೇದಿ, ಮತ್ತೊಮ್ಮೆ ದೀಪ ಬಿಟ್ಟು ನೋಡಿ, ಹಿತ್ತಾಳೆ ತಗಡಿನ ತೇಪೆ ಹಚ್ಚಿದೆ. ಆಮೇಲೆ ಹೊಲಿಗೆಗೆಲ್ಲ ಸುಣ್ಣದ ಪುಡಿ ಬಳಿದು ಒಳಗೆ ನೀರು ತುಂಬಿ ಕೂತೆವು. ಎಲ್ಲಿ ಜಿನುಗಿದರೂ ಸುಣ್ಣ ಕಪ್ಪಾಗಬೇಕು. ಹೊತ್ತು ಮುಳುಗುವವರೆಗೂ ಸುಣ್ಣ ಬೆಳ್ಳಗೇ ಇತ್ತು.

ಗುರುವಾರ ಬೆಳಗಾಗುವ ಮೊದಲೇ ವಕೀಲರ ಛಪ್ಪರದಲ್ಲಿದ್ದೆವು. ಪಟ್ಟಿಗಳ ಕೆಳಗೆ ಬನಾತಿನ ಬದಲು ಹಳೆಯ ಕಂಬಳಿಯ ತುಂಡನ್ನು ಮೇಣದಲ್ಲಿ ಅದ್ದಿ ಇಟ್ಟೆ, ನೀರು ಹಿಡಿಯಬಾರದೆಂದು. ಟಾಕಿಯನ್ನು ಜಾಕಿನ ಮೇಲೆ ಹಲಗೆ ಇಟ್ಟು ಎತ್ತಿದೆವು. ಇಳಿಯುವಾಗ ಬಂದ ದಾರಿಯಲ್ಲಿ ಅದು ಏರಲು ಒಪ್ಪಲಿಲ್ಲ. ತೇಪೆಯ ದಪ್ಪಕ್ಕೆ ಕಾರಿನ ಕಬ್ಬಿಣದ ಚೌಕಟ್ಟು ಅಡ್ಡ ಬರುತ್ತಿತ್ತು. ಓರೆ ಮಾಡಿ, ಹಿಂದಕ್ಕೆ ತಳ್ಳಿ, ಬಲತುದಿಯನ್ನು ಮೊದಲು ಸೇರಿಸಿದ ಮೇಲೆ ಕೂತಿತು. ಹೊಸ ಬೋಲ್ಟು ಬಿಗಿದು, ನಳಿಗೆ, ರಬ್ಬರು ಕೊಳವೆ ಜೋಡಿಸಿ, ಕಾರನ್ನು ತೊಲೆಗಳಿಂದ ನೆಲಕ್ಕಿಳಿಸಿ, ಪೆಟ್ರೋಲು ಹೊಯ್ದು, ಹ್ಯಾಂಡಲ್ ಹೊಡೆದೆ. ಎಂಜಿನ್ನು ಕೆಮ್ಮಿತು, ಸತ್ತಿತು. ಮತ್ತೆ ಹೊಡೆದೆ. ಮತ್ತೆ ಸತ್ತಿತು. ಕಾರ್ಬೊರೇಟರಿಗೆ ಪೆಟ್ರೋಲು ಬರುತ್ತಲೇ ಇರಲಿಲ್ಲ.

ಹೊರಗೆ ಲಾರಿ ಬಂದು ನಿಂತ ಸದ್ದಾಯಿತು. ವ್ಯಾಪಾರಿ ಅಂಗಳಕ್ಕೆ ಬಂದು ವಕೀಲರಿಗೆ ನಮಸ್ಕಾರ ಹೇಳುವುದು ಕೇಳಿಸುತ್ತಿತ್ತು.  ನಳಿಗೆಯ ಉದ್ದಕ್ಕೂ ಕೈಯಾಡಿಸುತ್ತ ಹೋದೆ. ಟಾಕಿಗೆ ಸೇರುವ ಕಡೆ ತಾಮ್ರದ ವಾಶರು ಹಳೆಯದಾಗಿ ಗಡುಸಾಗಿತ್ತು. ಅದು ಸರಿಯಾಗಿ ಕೂರದೆ ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿತ್ತು. ಹೊಸದು ಅಣ್ಣಿಗೇರಿಯಲ್ಲಿ ಎಲ್ಲಿಂದ ಬರಬೇಕು. ಬಿಚ್ಚಿ ಕಾಕಾರ ಕೈಗೆ ಕೊಟ್ಟು, ಅಡಿಗೆಮನೆಯ ಒಲೆಯಲ್ಲಿ ಕೆಂಪಗೆ ಕಾಸಿ ನೀರಿಗೆ ಹಾಕಿ ತರಲು ಹೇಳಿದೆ. ಹಾಗೆ ಮಾಡಿದರೆ ತಾಮ್ರ ಮೆತ್ತಗಾಗುತ್ತದೆ. ವಕೀಲರ ಷರತ್ತು ಇದ್ದದ್ದು ಅಂಗಳದ ಬೆಂಕಿಗೆ, ಅಡಿಗೆಮನೆಯ ಒಲೆಗಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಕಾಕಾ ಆ ವಯಸ್ಸಿನಲ್ಲಿ ಓಡಿದ್ದನ್ನು ನೋಡಬೇಕಿತ್ತು.

ವಾಶರು ಹಾಕಿ ಬಿಗಿದು ಮತ್ತೆ ಹ್ಯಾಂಡಲ್ ಹೊಡೆದೆ. ಎಂಜಿನ್ನು ಹೊತ್ತಿಕೊಂಡಿತು. ಒಂದೆರಡು ಸಲ ತಡವರಿಸಿ ಒಂದೇ ಸಮನೆ ಓಡತೊಡಗಿತು. ಕಾಕಾ ಸ್ಟೇರಿಂಗ್ ಹಿಡಿದು ಕೂತರು. ಕಾರು ತಾನಾಗಿ ಅಂಗಳಕ್ಕೆ ಬಂದು ವಕೀಲರ ಮುಂದೆ ನಿಂತಿತು.

ವ್ಯಾಪಾರಿ ಎಂಜಿನ್ನಿನ ಸದ್ದು ಕೇಳಿ ಇನ್ನೂ ಖುಷಿಯಾದ. ಓಡುವ ಎಂಜಿನ್ನಾದರೆ ಇನ್ನೂ ಒಳ್ಳೆಯದು ಎಂದ. ವಕೀಲರು ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂದೆ ಬಗ್ಗಿ ಟಾಕಿಯನ್ನು ನೋಡಿದರು. ಅವರ ಮುಖದಲ್ಲಿ ಆ ದಿನದ ಅಂಜಿಕೆ ಇನ್ನೂ ಇತ್ತು, ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಾತು ಕೊಟ್ಟದ್ದು ಹೌದು. ಆದರೆ ಸಿಡಿದ ಟಾಕಿಯ ಕಾರನ್ನು ಇಟ್ಟುಕೊಂಡು ಅದರಲ್ಲಿ ಎಂದೂ ಕೂರದಿದ್ದರೆ ಕಾಕಾಗೆ ಏನು ಬಂತು? ಕಾಕಾ ಹಿಂದೆ ತಿರುಗಿ ನೋಡದೆ ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡು ಕೂತಿದ್ದರು.

ವಕೀಲರು ಹಿಂದಿನ ಬಾಗಿಲು ತೆಗೆದರು. ಧೋತರ ಎತ್ತಿಕೊಂಡು ಒಳಗೆ ಹತ್ತಿ, ಹಿಂದಿನ ಸೀಟಿನ ಮೇಲೆ, ಸರಿಯಾಗಿ ಆ ಟಾಕಿಯ ಮೇಲೆ, ಕೂತುಕೊಂಡರು. ಬಾಗಿಲು ಎಳೆದುಕೊಂಡರು.

ಎಲ್ಲಿಗೆ ಹೋಗೋಣ ಎಂದು ಕಾಕಾ ಕೇಳಿದರು. 

"ಇವತ್ತ ಸುಮ್ನ ಊರೊಳಗ ಒಂದು ಸುತ್ತು ಹಾಕು," ಎಂದರು ವಕೀಲರು. "ನಾಳೆ ನವಲಗುಂದಕ್ಕ ಹೋಗಬೇಕಾಗ್ಯದ. ಮುಂಜಾನೆ ತಡಾ ಮಾಡಬ್ಯಾಡ."